ಚಾಳೀಸು ಸಿಗುವವರೆಗೆ ಮೀನು

ಚಿಂತೆ ಮಾಡುವವನಿಗೆ ಹವ್ಯಾಸ ಇರಬಾರದು. ಇದ್ದರೆ ಅದೂ ಒಂದು ಚಿಂತೆಯಾಗುತ್ತದೆ. ಶಿರಾಳಕೊಪ್ಪದ ನನ್ನ ಬಟ್ಟೆ ಅಂಗಡಿಯಲ್ಲಿ ಕೂತು ಕೂತು ಬಿಪಿ ಏರಿದಾಗ ಡಾಕ್ಟರು, ಉಪ್ಪು ಬಿಡಿ, ವಾರಕ್ಕೊಮ್ಮೆ ಎಲ್ಲಾದರೂ ಸುಮ್ಮನೆ ಕೂತುಕೊಳ್ಳಿ ಎಂದರು. ಸುಮ್ಮನೆ ಕೂತವನನ್ನು ನಮ್ಮ ಕಡೆಯ ಜನ ಸುಮ್ಮನೆ ಬಿಡುವುದಿಲ್ಲ, ಏನಾಯಿತೆಂದು ವಿಚಾರಿಸುತ್ತಾರೆ. ಕೈಯಲ್ಲಿ ಗಾಳ ಇದ್ದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಚಪಾತಿ ಹಿಟ್ಟಿನ ಉಂಡೆ ಕಟ್ಟಿಕೊಂಡು ಅಂಜನಾಪುರದ ಹಿನ್ನೀರಿಗೆ ಹೋಗತೊಡಗಿದೆ.

ನಮ್ಮದು ಲಿಂಗ ಕಟ್ಟಿದ ಮನೆ. ಮೀನಿರಲಿ, ಗಾಳ ಕೂಡ ಸ್ಕೂಟರಿನ ಡಿಕ್ಕಿಯಲ್ಲೇ ಮಲಗಬೇಕು. ಹಿಡಿದದ್ದನ್ನೆಲ್ಲ ನೀರಿಗೇ ಬಿಡುತ್ತಿದ್ದೆ. ಸಮುದ್ರದಲ್ಲೂ ತಿಳಿದವರು ಹೀಗೇ ಹಿಡಿದು ಮತ್ತೆ ನೀರಿಗೆ ಬಿಡುತ್ತಾರೆ, ಮೀನಿನ ಸಂತತಿ ಉಳಿಯುತ್ತದೆ ಎಂದು ಮೊಬೈಲಿನಲ್ಲಿ ನೋಡಿದ ಮೇಲಂತೂ ನನ್ನ ಅನಿವಾರ್ಯಕ್ಕೆ ಧರ್ಮದ ಕಳೆ ಬಂತು. ಅಲ್ಲೇ ಬಲೆ ಬೀಸುವ ನಾಗಪ್ಪನಿಗೆ, ಮರಿ ಹಿಡಿಯಬೇಡ, ಹರಿದ ಬಲೆ ನೀರಲ್ಲಿ ಬಿಡಬೇಡ ಎಂದು ಉಪದೇಶ ಶುರುಮಾಡಿದೆ. ಅವನು ಬೀಡಿ ಸೇದುತ್ತ ಕೇಳುತ್ತಿದ್ದ.

ಹೋದ ತಿಂಗಳು ನಾಗಪ್ಪ ನನ್ನನ್ನು ಕರೆದೊಯ್ದು ಜೊಂಡಿನ ಮರೆಯಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಗೆಂಡೆ ಮೀನೊಂದನ್ನು ತೋರಿಸಿದ. ಅರ್ಧ ಗಂಟೆ ಹಿಂದೆ ನಾನೇ ಬಿಟ್ಟದ್ದು. ತುಟಿಯ ಗಾಯ ಗುರುತಾಯಿತು.

“ನಿಮ್ ಕೈಯಾಗೆ ಭಾಳ ಹೊತ್ತು ಇರ್ತಾವ್ರೀ ಸಾವ್ಕಾರ್ರೆ,” ಎಂದ. “ನಾ ಹಿಡಿದಿದ್ದು ಒಂದ್ ಮನಿ ಸಾರಿಗಾದ್ರೂ ಆಗ್ತದೆ.”

ಹೊತ್ತು ಹಿಡಿಯುವುದು ಚಾಳೀಸಿನಿಂದ. ಕೊಕ್ಕೆ ಬಿಡಿಸಲು ಕನ್ನಡಕ ಬೇಕು. ಅದು ಜೇಬಿನಲ್ಲಿರುತ್ತದೆ, ಇಲ್ಲವೇ ನನ್ನ ತಲೆಯ ಮೇಲೆಯೇ ಇರುತ್ತದೆ. ಹುಡುಕುವಷ್ಟು ಹೊತ್ತೂ ಮೀನು ಬಾಯಿ ತೆರೆದುಕೊಂಡು, ನನ್ನನ್ನೇ ನೋಡುತ್ತ ಕಾಯುತ್ತಿತ್ತು. ಹಾಗೆ ಎಷ್ಟು ಕಾದು ಹೋದವೋ, ಯೋಚಿಸಲು ಧೈರ್ಯವಾಗಲಿಲ್ಲ.

ಇನ್ನು ಮೀನಿನ ಸಹವಾಸ ಸಾಕು ಎಂದು ಮನೆಯಲ್ಲಿ ಹೇಳಿದೆ. ಹಿಟ್ಟು ನಾದುತ್ತಿದ್ದ ಹೆಂಡತಿ ಗಿರಿಜಾಳ ಕೈ ನಿಂತಿತು. “ಭಾನುವಾರಾನೂ ಮನೇಲೇ ಇರ್ತೀರಾ?” ಎಂದಳು. ಆ ಗೆಂಡೆಯ ಕಣ್ಣಿನಲ್ಲೂ ಅಷ್ಟು ಗಾಬರಿ ಇರಲಿಲ್ಲ. ಸ್ವಲ್ಪ ಯೋಚಿಸಿ, “ದಾರಕ್ಕೆ ಬರೀ ಹಿಟ್ಟು ಮೆತ್ತಿ ಕೂತ್ಕೊಳ್ರಿ. ಕೊಕ್ಕೆ ಯಾಕೆ ಬೇಕು?” ಎಂದಳು.

ಈಗ ಅಂಗಡಿಯ ನೂಲಿನ ದಾರ ಇಳಿಬಿಟ್ಟು ಹಾಗೇ ಕೂರುತ್ತೇನೆ. ಮೀನುಗಳು ಬರುತ್ತವೆ, ತಿನ್ನುತ್ತವೆ, ಹೋಗುತ್ತವೆ. ಒಂದೂ ಸತ್ತಿಲ್ಲವೆಂದು ನಾಗಪ್ಪನೇ ಜೊಂಡು ಸರಿಸಿ ನೋಡಿ ಹೇಳಿದ್ದಾನೆ. ಆದರೆ ಆ ಹಿಟ್ಟಿಗೆ ಗಿರಿಜಾ ಉಪ್ಪು ಧಾರಾಳವಾಗಿ ಹಾಕುತ್ತಾಳೆ. ಸಪ್ಪೆ ಹಿಟ್ಟು ನನಗೊಬ್ಬನಿಗೇ. ವಾರ ವಾರ ಅದನ್ನು ತಿನ್ನುವ ಗೆಂಡೆಗಳಿಗೆ ಬಿಪಿ ಬಂದರೆ ಅವು ಎಲ್ಲಿ ಹೋಗಿ ಸುಮ್ಮನೆ ಕೂರಬೇಕು ಎಂದು ಯೋಚಿಸುತ್ತ, ಸುಮ್ಮನೆ ಕೂತಿರುತ್ತೇನೆ.