ಒಂಬತ್ತನೇ ಕ್ಲಾಸಿನ ತೀರ್ಪುಗಾರರು

ಲೈಬ್ರರಿಯಲ್ಲಿ ದಿನವಿಡೀ ಸುಮ್ಮನೆ ಕೂತು ಬೇಜಾರಾಗಲ್ವಾ ಅಂತ ನೆಂಟರು ಕೇಳುತ್ತಾರೆ. ಹಲಸೂರಿನ ಈ ಎರಡು ಕೋಣೆಯ ಲೈಬ್ರರಿ ನೋಡಿಕೊಳ್ಳಲು ಶುರುಮಾಡಿ ಇಪ್ಪತ್ತು ವರ್ಷವಾಯಿತು, ನಗದೆ ಬಾಗಿಲು ಹಾಕಿದ ದಿನ ಕಡಿಮೆ. ಹೋದ ವರ್ಷವಂತೂ ಆ ನಗುವನ್ನು ನಾನೇ ಮೈಮೇಲೆ ಎಳೆದುಕೊಂಡೆ.

ಲೈಬ್ರರಿ ನಡೆಸುವ ಟ್ರಸ್ಟು ಪ್ರತಿವರ್ಷ ಮಕ್ಕಳ ಪುಸ್ತಕವೊಂದಕ್ಕೆ ಬಹುಮಾನ ಕೊಡುತ್ತದೆ. ಆರಿಸುವವರು ಮೂವರು, ಮೂವರಿಗೂ ಅರವತ್ತು ದಾಟಿದೆ. ಮಕ್ಕಳ ಪುಸ್ತಕವನ್ನು ಒಂದಿಷ್ಟು ಮಕ್ಕಳೂ ಓದಲಿ ಅಂತ ಮೀಟಿಂಗಿನಲ್ಲಿ ಬಾಯಿ ಬಿಟ್ಟೆ. ಸಮಿತಿಯ ಅಧ್ಯಕ್ಷರು ಇಂದಿರಾನಗರದ ನಿವೃತ್ತ ಕನ್ನಡ ಮೇಷ್ಟ್ರು. ಓದಲಿ, ಆದರೆ ಅವರದು ಸಲಹೆ ಮಾತ್ರ, ವೋಟು ನಮ್ಮದು ಅಂದರು. ನಾನು ತಲೆಯಾಡಿಸಿ ಬಂದು, ಬಾಗಿಲಿಗೆ ‘ಈ ಸಲ ಆರಿಸುವವರು ನೀವೇ’ ಅಂತ ಬೋರ್ಡು ಹಚ್ಚಿದೆ. ತಪ್ಪು ನನ್ನದೇ.

ಸೊಸೆಯ ಕಷ್ಟ

ಸಿಕ್ಕ ಓದುಗರು ಮೂವರು, ಮೂವರೂ ಒಂಬತ್ತನೇ ಕ್ಲಾಸು. ಮೊದಲನೆಯವನು ಹೊಸ ತಿಪ್ಪಸಂದ್ರದ ಹುಡುಗ. ಕಳೆದುಹೋದ ಕರುವನ್ನು ಹುಡುಕುವ ಸಾಹಸದ ಕಥೆಯೊಂದನ್ನು ಕೊಟ್ಟು ಕಳಿಸಿದೆ. ವಾರ ಬಿಟ್ಟು ಅಭಿಪ್ರಾಯ ಬರೆದು ತಂದ. ಕರುವಿನ ಸುದ್ದಿಯೇ ಇಲ್ಲ. ‘ಸೊಸೆಯ ಪಾತ್ರಕ್ಕೆ ಅನ್ಯಾಯವಾಗಿದೆ, ಬೆಳಗ್ಗಿನಿಂದ ದುಡಿದವಳಿಗೆ ಒಂದು ಲೋಟ ಕಾಫಿ ಕೊಡುವವರಿಲ್ಲ’ ಅಂತ ಎರಡು ಪುಟ. ಪುಸ್ತಕ ತೆಗೆದು ನೋಡಿದರೆ ಸೊಸೆ ಬರುವುದು ಒಂದೇ ಸಾಲಿನಲ್ಲಿ, ಅದೂ ಕೊಟ್ಟಿಗೆಯ ಕಸ ಗುಡಿಸುವುದಕ್ಕೆ.

ಕೇಳಿದ್ದಕ್ಕೆ ಹುಡುಗ ಮುಚ್ಚಿಡಲಿಲ್ಲ. ತನಗೆ ಟ್ಯೂಷನ್ ಇರುವುದರಿಂದ ಓದಿದ್ದೂ ಬರೆದದ್ದೂ ಅಮ್ಮ ಅಂದ. ಫೋನ್ ಮಾಡಿದರೆ ತಾಯಿಗೆ ಸಂಕೋಚವೇನೂ ಇರಲಿಲ್ಲ, ಸ್ಕೂಲಿನ ಪ್ರಾಜೆಕ್ಟ್‌ಗಳನ್ನೂ ತಾನೇ ಮಾಡುವುದಾಗಿ ಹೇಳಿ, ಮುಂದಿನ ಪುಸ್ತಕ ಯಾವಾಗ ಕೊಡ್ತೀರಿ ಅಂತ ಕೇಳಿದರು. ಇನ್ನುಮೇಲೆ ಮಗನೇ ಓದಬೇಕು ಅಂತ ಗಟ್ಟಿಯಾಗಿ ಹೇಳಿದೆ. ಮುಂದಿನ ವಾರ ಹುಡುಗ ಮುಖ ಊದಿಸಿಕೊಂಡು ಬಂದ.

“ಮಿಸ್, ಅಮ್ಮಂಗೆ ಸ್ವಲ್ಪ ಹೇಳಿ. ನಾನು ಓದೋಕ್ ಮುಂಚೇನೇ ಕೊನೇಲಿ ಏನಾಗತ್ತೆ ಅಂತ ಹೇಳ್ಬಿಡ್ತಾರೆ.”

ಕೆ.ಆರ್. ಪುರಂ

ಎರಡನೆಯವನು ದೊಡ್ಡನೆಕ್ಕುಂದಿಯವನು. ಮನೆಯವರು ಧಾರವಾಡದ ಕಡೆಯವರು, ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೋಗುತ್ತಾರೆ. ಇವನು ಓದುವುದೆಲ್ಲ ಇಲ್ಲಿಂದ ಮನೆಗೆ ಹೋಗುವ ಬಸ್ಸಿನಲ್ಲಿ. ಟಿನ್ ಫ್ಯಾಕ್ಟರಿ ಹತ್ತಿರ ಇಳಿದು ಬೇರೆ ಬಸ್ಸು ಹಿಡಿಯಬೇಕು. ಪುಸ್ತಕ ಎಷ್ಟು ಚೆನ್ನಾಗಿದೆ ಅಂತ ಅಳೆಯಲು ಅವನಿಗೆ ಅವನದೇ ಲೆಕ್ಕ: ಇಳಿಯುವುದು ಮರೆತುಹೋಯಿತೋ ಇಲ್ಲವೋ.

ಅಧ್ಯಕ್ಷರು ಒಂದು ದಿನ ಬಂದು, ಹತ್ತಕ್ಕೆ ಎಷ್ಟು ಅಂಕ ಕೊಡ್ತೀಯಪ್ಪಾ ಅಂತ ಕೇಳಿದರು. ಹುಡುಗ ಅಂಕ ಬಿಟ್ಟು ತನ್ನ ಲೆಕ್ಕ ವಿವರಿಸಿ, ಎರಡು ಪುಸ್ತಕ ತನ್ನನ್ನು ಟಿನ್ ಫ್ಯಾಕ್ಟರಿ ದಾಟಿಸಿ ಕೆ.ಆರ್. ಪುರಂ ಮುಟ್ಟಿಸಿದವು ಅಂದ. ಅಧ್ಯಕ್ಷರಿಗೆ ಈ ಲೆಕ್ಕ ಹಿಡಿಸಿತು. ಎರಡರ ಹೆಸರನ್ನೂ ಬರೆದುಕೊಂಡು, ಹಾಗಾದರೆ ಎರಡೂ ಸಮ ಅಂದರು.

“ಸಮ ಅಲ್ರಿ ಸರ್. ಒಂದರಾಗ ನಿದ್ದಿ ಬಂದಿತ್ತು.”

ಅನುಭವ

ಮೂರನೆಯವಳು ಮರ್ಫಿ ಟೌನಿನ ಹುಡುಗಿ. ಮನೆಯಲ್ಲಿ ತಮಿಳು, ಸ್ಕೂಲಿನಲ್ಲಿ ಕನ್ನಡ. ಒಂದೇ ಕೋಣೆಯ ಮನೆಯಾದ್ದರಿಂದ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಳು. ಬಹುಮಾನಕ್ಕೆ ಬಂದಿದ್ದ ಇಪ್ಪತ್ತೆರಡು ಪುಸ್ತಕವನ್ನೂ ಪೂರ್ತಿ ಓದಿದವಳು ಇವಳೊಬ್ಬಳೇ. ನೋಟುಬುಕ್ಕಿನಲ್ಲಿ ಗೆರೆ ಎಳೆದು, ‘ಇಪ್ಪತ್ತಮೂರನೇ ಪುಟ: ತಾತ ಬುದ್ಧಿ ಹೇಳೋಕೆ ಶುರು ಮಾಡಿದ. ನಲವತ್ತನೇ ಪುಟ: ಇನ್ನೂ ಮುಗಿಸಿಲ್ಲ’ ಅಂತೆಲ್ಲ ಬರೆದಿದ್ದಳು.

ಮಕ್ಕಳಿಗೆ ವೋಟಿಲ್ಲ ಅನ್ನುವ ಸಂಗತಿ ಅವಳಿಗೆ ಹೇಗೋ ಗೊತ್ತಾಯಿತು. ಬಾಗಿಲಿನ ಬೋರ್ಡನ್ನು ಬಿಚ್ಚಿ ತಂದು ನನ್ನ ಮೇಜಿನ ಮೇಲಿಟ್ಟಳು. ಕೋಪಿಸಿಕೊಂಡಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಮೆಲ್ಲಗೆ, “ಮನೇಲೂ ಹಿಂಗೇ ಮಿಸ್. ನಿಂಗೇನ್ ಬೇಕು ಅಂತ ಕೇಳ್ತಾರೆ, ಆಮೇಲೆ ಅವರಿಗೆ ಬೇಕಾದ್ದೇ ಮಾಡ್ತಾರೆ” ಅಂದಳು. ನನಗೆ ನಾಚಿಕೆಯಾಯಿತು. ಏನೋ ಒಂದು ಹೇಳಬೇಕಲ್ಲ, ಇರಲಿ ಬಿಡು, ಒಳ್ಳೆಯ ಅನುಭವವಾಯಿತಲ್ಲ ಅಂದೆ.

“ಅನುಭವ ಮನೇಲೇ ಬೇಕಾದಷ್ಟಿದೆ ಮಿಸ್. ವೋಟ್ ಇಲ್ಲ.”

ಅಣ್ಣನ ಸಾವು

ಮರುದಿನವೇ ಅಧ್ಯಕ್ಷರ ಮನೆಗೆ ಹೋಗಿ ವೋಟು ಕೇಳಿದೆ. ಮೂವರು ಹಿರಿಯರ ಜೊತೆ ಮೂವರು ಮಕ್ಕಳೂ ವೋಟು ಹಾಕಿದರೆ ಸಮಿತಿಯ ಗೌರವ ಏನಾಗಬೇಕು ಅಂದರು. ಕಡೆಗೆ, ವೋಟಿಗೆ ಮುಂಚಿನ ಕೊನೆಯ ಮೀಟಿಂಗಿಗೆ ಕರೆತನ್ನಿ, ಮಕ್ಕಳಿಗೆ ಆಳವಾಗಿ ಓದಲು ಬರುತ್ತದೋ ನೋಡಿ ಹೇಳುತ್ತೇನೆ ಅಂದರು. ಇಷ್ಟನ್ನೇ ಹಿಡಿದುಕೊಂಡು ಹುಡುಗಿಯನ್ನು ಮೀಟಿಂಗಿಗೆ ಬರಲು ಒಪ್ಪಿಸಿದೆ. ಅವಳ ಅಕ್ಷರ ದುಂಡಗಿದೆ ಅಂತ ಮೀಟಿಂಗಿನ ನಡಾವಳಿ ಬರೆಯುವ ಕೆಲಸವನ್ನೂ ಕೊಟ್ಟೆ.

ಮೀಟಿಂಗಿನಲ್ಲಿ ಅಧ್ಯಕ್ಷರು ತಮಗೆ ಇಷ್ಟವಾದ ಕಾದಂಬರಿಯನ್ನು ಎತ್ತಿಕೊಂಡರು. ಅಣ್ಣ ತಮ್ಮಂದಿರ ಕಥೆ. ನಡುವೆ ಹದಿನಾರು ಪುಟ ಒಂದಕ್ಷರ ಬದಲಾಗದೆ ಮತ್ತೊಮ್ಮೆ ಬರುತ್ತದೆ, ದುಃಖದಲ್ಲಿರುವವನಿಗೆ ಕಾಲ ಮುಂದೆ ಸಾಗದು ಅನ್ನುವುದನ್ನು ಲೇಖಕರು ಎಷ್ಟು ಹೊಸ ತಂತ್ರದಲ್ಲಿ ತೋರಿಸಿದ್ದಾರೆ ಅಂದರು. ಆಮೇಲೆ ಅಣ್ಣ ಮನೆಯಲ್ಲಿ ಇರುವುದಿಲ್ಲ. ಅವನ ಸಾವಿನ ಬಗ್ಗೆ ಒಂದು ಮಾತೂ ಇಲ್ಲ, ಬರೀ ಮೌನ ಅಂತ ತಲೆದೂಗಿದರು. ಈ ಮೌನ ಮಕ್ಕಳಿಗೆ ಅರ್ಥವಾಗುವುದು ಕಷ್ಟ ಅಂತಲೂ ಸೇರಿಸಿದರು. ಉಳಿದ ಇಬ್ಬರು ಹಿರಿಯರೂ ಹೌದೌದು ಅಂದರು.

ಹುಡುಗಿ ಬರೆಯುವುದು ನಿಲ್ಲಿಸಿ ತನ್ನ ಪ್ರತಿಯ ಹಾಳೆ ತಿರುವಿದಳು. ಆಮೇಲೆ ಅಧ್ಯಕ್ಷರ ಪ್ರತಿ ಕೇಳಿ ಪಡೆದು ಅದನ್ನೂ ತಿರುವಿದಳು.

“ಸರ್, ಅಣ್ಣ ಸತ್ತಿಲ್ಲ. ಐವತ್ತೆರಡನೇ ಪುಟದಲ್ಲಿ ಹಾಸ್ಟೆಲ್‌ಗೆ ಸೇರ್ಕೊಂಡಿದ್ದಾನೆ.”

ಅಧ್ಯಕ್ಷರ ಪ್ರತಿಯಲ್ಲಿ ಐವತ್ತೆರಡನೇ ಪುಟವೇ ಇರಲಿಲ್ಲ. ಬೈಂಡಿಂಗ್ ಮಾಡಿದವರು ಹಿಂದಿನ ಹದಿನಾರು ಪುಟವನ್ನೇ ಎರಡು ಸಲ ಹೊಲಿದು, ಮುಂದಿನ ಹದಿನಾರು ಪುಟ ಬಿಟ್ಟುಬಿಟ್ಟಿದ್ದರು. ಹೌದೌದು ಅಂದ ಇಬ್ಬರೂ ನೀರಿನ ಬಾಟಲಿ ಹುಡುಕತೊಡಗಿದರು. ದೊಡ್ಡವರ ತಪ್ಪು ಎತ್ತಿ ತೋರಿಸಿದ ಮಕ್ಕಳಿಗೆ ಏನಾಗುತ್ತದೆ ಅಂತ ನಾನೂ ಚಿಕ್ಕವಳಿದ್ದಾಗಿನಿಂದ ಕಂಡವಳೇ.

ಅಧ್ಯಕ್ಷರು ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಪುಟ ಹೋಲಿಸಿ ನೋಡಿದರು. ಕನ್ನಡಕ ತೆಗೆದು ಒರೆಸಿದರು. ನಲವತ್ತು ವರ್ಷ ಪಾಠ ಮಾಡಿದ್ದೇನೆ, ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಅನ್ನುವ ಅಭ್ಯಾಸವೇ ಬಿಟ್ಟುಹೋಗಿದೆ ಅಂದರು. ಆಮೇಲೆ ಹುಡುಗಿಯ ಕಡೆ ತಿರುಗಿ, ಮಂಗಳವಾರ ವೋಟು ಹಾಕುವಾಗ ಮೂವರು ಮಕ್ಕಳಿಗೂ ಪೂರ್ತಿ ವೋಟು, ಹಾಗಂತ ಬರೆದುಕೋ ಅಂದರು. ನನ್ನ ಕಣ್ಣಲ್ಲಿ ನೀರು ಬಂತು, ಅಲ್ಲಗಳೆಯುವುದಿಲ್ಲ. ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಹುಡುಗಿ ದುಂಡಗೆ ಬರೆದು ಮುಗಿಸಿದಳು. ಆಮೇಲೆ ತನ್ನ ಪ್ರತಿಯನ್ನು ಎರಡೂ ಕೈಯಲ್ಲಿ ಹಿಡಿದು ಅಧ್ಯಕ್ಷರ ಮುಂದಿಟ್ಟಳು.

“ಇದು ಸರಿಯಾಗಿದೆ ಸರ್. ಮಂಗಳವಾರದೊಳಗೆ ಓದ್ಬಿಟ್ಟು ನೀವೂ ವೋಟ್ ಹಾಕಿ. ಅಲ್ಲೀವರ್ಗೂ ನಿಮ್ಮದು ಸಲಹೆ ಅಂತ ಬರ್ಕೊಂಡಿರ್ತೀನಿ.”