ಕೆಂಪರಾಜನೂ ಟೀವಿಯ ಆರು ತೂತುಗಳೂ

ಗರುಡಾಚಾರ್‌ಪಾಳ್ಯದ ಕೆಂಪರಾಜನಿಗೆ ಸ್ವಂತ ಮನೆಯಲ್ಲಿ ಮರ್ಯಾದೆ ಇಳಿಯತೊಡಗಿದ್ದು ಫೋನುಗಳಿಗೆ ಬುದ್ಧಿ ಬಂದಾಗಿನಿಂದ. ಬೀದಿಯಲ್ಲಿ ಅವನು ಎಂಟು ಮನೆ ಬಾಡಿಗೆಗೆ ಕೊಟ್ಟಿರುವ ಓನರ್ರು. ಮನೆಯೊಳಗೆ, ಒಂದು ಫೋಟೋ ಕಳಿಸಬೇಕಾದರೂ "ಭವ್ಯಾ, ಸ್ವಲ್ಪ ಬಾಮ್ಮ" ಎಂದು ಪಿಯುಸಿ ಓದುವ ಮಗಳ ಮುಂದೆ ಕೈಕಟ್ಟಿ ನಿಲ್ಲುವ ಬಡಪಾಯಿ.

ಹಾಗಿರುವಾಗ ಆಯುಧಪೂಜೆಗೆ ಮನೆ ತೊಳೆಯುತ್ತ ಸಜ್ಜೆಯ ಮೇಲೆ ಅವನ ಹೈಸ್ಕೂಲು ಕಾಲದ ವಿಡಿಯೋ ಗೇಮ್ ಸಿಕ್ಕಿತು. ಹಬ್ಬದ ಮಾರನೆಯ ದಿನ ಊಟ ಮುಗಿದದ್ದೇ ತಡ, ಹಾಲಿನ ನಟ್ಟನಡುವೆ ನಿಂತು ರಾಜಾಜ್ಞೆ ಹೊರಡಿಸಿದ.

"ಇದನ್ನ ನಾನೇ ಟೀವಿಗೆ ಹಾಕ್ತೀನಿ. ಯಾರ ಹೆಲ್ಪೂ ಬೇಡ. ಸಂಜೆ ಕಾಫಿಯೊಳಗೆ ಆಗ್ಲಿಲ್ಲ ಅಂದ್ರೆ ಒಂದು ತಿಂಗಳು ರಿಮೋಟ್ ಮುಟ್ಟಲ್ಲ!"

"ಈ ತಿಂಗಳು ಪೂರ್ತಿ ಕ್ರಿಕೆಟ್ ಇದೆ ರೀ. ಯೋಚ್ನೆ ಮಾಡಿ ಮಾತಾಡಿ," ಎಂದಳು ಹೆಂಡತಿ ಪದ್ಮಶ್ರೀ.

"ಯೋಚ್ನೆ ಏನು? ನಾನು ಚಾಂಪಿಯನ್ ಆಗ್ಬೇಕಿತ್ತು ಕಣೇ! ಅಮ್ಮ ಹತ್ತು ನಿಮಿಷಕ್ಕೇ ಏಳಿಸಿ ಕೊತ್ತಂಬರಿ ಸೊಪ್ಪು ತರೋಕೆ ಓಡಿಸ್ತಿದ್ಲು."

ದಿವಾನದ ಮೇಲೆ ತೂಕಡಿಸುತ್ತಿದ್ದ ಅಮ್ಮ ಪಟಾಲಮ್ಮ ಕಣ್ಣು ಬಿಡಲಿಲ್ಲ. (ಕಿವಿ ಬಿಟ್ಟಿದ್ದಳು.)

ವೈರಿನ ತುದಿಗೆ ಮೂರು ಪಿನ್ನುಗಳು: ಹಳದಿ, ಕೆಂಪು, ಬಿಳಿ. ಕೆಂಪರಾಜ ಹೊಟ್ಟೆ ಒಳಗೆಳೆದುಕೊಂಡು ಟೀವಿಯ ಹಿಂದೆ ನುಸುಳಿದ. ಅಲ್ಲಿ ಆರು ತೂತುಗಳಿದ್ದವು. ನಾಲ್ಕು ಹಳದಿ, ಎರಡು ಕೆಂಪು. ಬಿಳಿಯ ಸುಳಿವೇ ಇಲ್ಲ. ಹಳದಿಯನ್ನು ಒಂದು ಹಳದಿಗೆ ಚುಚ್ಚಿದ, ಇನ್ನೊಂದಕ್ಕೆ ಚುಚ್ಚಿದ, ಕೆಂಪನ್ನು ಅದಲು ಬದಲು ಮಾಡಿದ, ಬಿಳಿಯನ್ನು ದೇವರ ಮೇಲೆ ಭಾರ ಹಾಕಿ ಎಲ್ಲೋ ತುರುಕಿದ. 'ಸಿಗ್ನಲ್ ಇಲ್ಲ' ಎಂದಿತು ಟೀವಿ. ಬುದ್ಧಿ ಇಲ್ಲ ಎನ್ನಲಿಲ್ಲವಲ್ಲ, ಅಷ್ಟೇ ಸಮಾಧಾನ.

ಒಂದು ಗಂಟೆ ಕಳೆದ ಮೇಲೆ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು, ಶಿವಾಜಿನಗರದಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ ಫಹೀಮನಿಗೆ ಗುಟ್ಟಾಗಿ ಫೋನು ಮಾಡಿದ.

"ಬಣ್ಣ ನೋಡಿ ಬಣ್ಣಕ್ಕೆ ಚುಚ್ಚು ಗುರು. ಎಲ್‌ಕೆಜಿ ಮಕ್ಳು ಮಾಡೋ ಕೆಲ್ಸ ಅದು."

"ಬಿಳೀದೇ ಇಲ್ಲ ಮಗಾ! ನಾಲ್ಕು ಹಳದಿ, ಎರಡು ಕೆಂಪು!"

"ಅಂಥ ಟೀವಿ ನನ್ನ ಸರ್ವೀಸಲ್ಲೇ ನೋಡಿಲ್ಲ. ಊಟ ಆಯ್ತಲ್ಲ? ಹೋಗಿ ಮಲಕ್ಕೋ."

ಅಡುಗೆಮನೆಯಿಂದ ಕಾಫಿಯ ಘಮ ಬರತೊಡಗಿತು. ಕ್ರಿಕೆಟ್ಟು ಕೈಬಿಡುವ ದುಃಖಕ್ಕೆ ಕೆಂಪರಾಜನ ಕಣ್ಣಲ್ಲಿ ನಿಜಕ್ಕೂ ನೀರಾಡಿತು.

"ಟೀವಿ ಕಂಪನಿಯೋರು ಮೋಸ ಮಾಡವ್ರೆ!" ಎಂದು ಕೂಗಿದ.

ಪಟಾಲಮ್ಮ ಎದ್ದು ಬಂದು ಹಿಂದೆ ಇಣುಕಿದಳು.

"ಅಯ್ಯೋ ದಡ್ಡ ಮುಂಡೇದೆ, ಅದು ನಾನು ನಿನ್ನೆ ಪೂಜೇಲಿ ಇಟ್ಟಿರೋ ಅರಿಶಿನ ಕುಂಕುಮ ಕಣೋ! ಮುಂದೆ ಇಟ್ರೆ ಗಾಜು ಗಲೀಜಾಗ್ತದೆ ಅಂದ್ಳು ನಿನ್ನೆಂಡ್ತಿ. ಅದಕ್ಕೆ ಹಿಂದ್ಗಡೆ ಒಂದೊಂದಕ್ಕೂ ಬಳಿದೆ."

ಸೆರಗಿನ ತುದಿಯಿಂದ ಒರೆಸಿದಳು. ಹಸಿರು, ನೀಲಿ, ಬಿಳಿ ಎಲ್ಲ ಹೊರಬಿದ್ದವು. ನಿಜವಾದ ಹಳದಿ ಮೂಲೆಯಲ್ಲಿತ್ತು. ಪಟಪಟನೆ ಮೂರೂ ಪಿನ್ನು ಚುಚ್ಚಿ, ಗೇಮಿನ ಕ್ಯಾಸೆಟ್ಟು ಕಿತ್ತು, ಉಫ್ ಎಂದು ಊದಿ, ಮತ್ತೆ ಒತ್ತಿದಳು. ಟೀವಿ ಕುಣಿಯುವ ಸಂಗೀತ ಶುರುಮಾಡಿತು.

"ಅಜ್ಜಿ ಹೆಲ್ಪ್ ಮಾಡಿದ್ರು, ಅಪ್ಪ ಔಟ್!" ಎಂದು ಭವ್ಯ ರಿಮೋಟನ್ನು ಅಜ್ಜಿಯ ಮಡಿಲಿಗೆ ಹಾಕಿದಳು.

"ನಿಂಗೆ ಇದೆಲ್ಲ ಹೆಂಗಮ್ಮ ಗೊತ್ತು?" ಕೆಂಪರಾಜ ಬಾಯಿ ಬಿಟ್ಟುಕೊಂಡು ಕೇಳಿದ.

ಪಟಾಲಮ್ಮ ಆಗಲೇ ಜಾಯ್‌ಸ್ಟಿಕ್ ಹಿಡಿದು ಮೂರು ಹಳ್ಳ, ಎರಡು ಗೋಡೆ ಹಾರಿಸಿ ಆಗಿತ್ತು.

"ನಂಗೂ ಒಂದು ಚಾನ್ಸ್ ಕೊಡಮ್ಮ," ಎಂದು ಗೋಗರೆದು ಇಸಿದುಕೊಂಡ ಕೆಂಪರಾಜ ಮೊದಲ ಹಳ್ಳಕ್ಕೇ ಬಿದ್ದ. ಮತ್ತೆ ಬಿದ್ದ.

"ಸಾಕು ಏಳೋ, ಕಣ್ಣು ಹಾಳಾಗ್ತದೆ. ಹೋಗಿ ಕೊತ್ತಂಬರಿ ಸೊಪ್ಪು ತಗೊಂಬಾ."

ನಲವತ್ತೈದರ ಕೆಂಪರಾಜ ಹಳೆಯ ಅಭ್ಯಾಸದಂತೆ ಎದ್ದು ಚೀಲ ಹಿಡಿದು ಚಪ್ಪಲಿ ಮೆಟ್ಟಿದ. ಅಡುಗೆಮನೆಯಿಂದ ಪದ್ಮಶ್ರೀ ಕೂಗಿದಳು.

"ಅತ್ತೆ, ಫ್ರಿಜ್ಜಲ್ಲಿ ಎರಡು ಕಟ್ಟು ಇದೆಯಲ್ಲ!"

"ಅವಾಗ್ಲೂ ಇರ್ತಿತ್ತು ಬಿಡಮ್ಮ," ಎಂದಳು ಪಟಾಲಮ್ಮ, ಟೀವಿಯಿಂದ ಕಣ್ಣು ತೆಗೆಯದೆ.