ಒದ್ದೆ ಟವೆಲಿನಿಂದ ಡ್ರಮ್ ಕಲಿತ ಮಾವ

ಭದ್ರಾವತಿಯ ಜನ್ನಾಪುರದಲ್ಲಿ ಹೆಂಡತಿ ಬಟ್ಟೆ ಒಣಹಾಕುವುದನ್ನು ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ಗಂಡಸು ಎಂದರೆ ನನ್ನ ಸೋದರಮಾವ ಒಬ್ಬರೇ! ಅಕ್ಕಪಕ್ಕದ ಹೆಂಗಸರು ಅದನ್ನು ಪ್ರೇಮವೆಂದು ತಿಳಿದು ತಮ್ಮ ತಮ್ಮ ಗಂಡಂದಿರನ್ನು ಮೂದಲಿಸಿದರು. ಪಾಪ, ಮಾವ ನೋಡುತ್ತಿದ್ದದ್ದು ಅತ್ತೆಯನ್ನಲ್ಲ, ಅತ್ತೆಯ ಮಣಿಕಟ್ಟನ್ನು.

ಮಾವ ಕಾರ್ಖಾನೆಯಲ್ಲಿ ಫಿಟ್ಟರ್. ಗಣಪತಿ ಹಬ್ಬದ ಸೀಸನ್ನಿನಲ್ಲಿ ಶಿವಮೊಗ್ಗದ ಒಂದು ಆರ್ಕೆಸ್ಟ್ರಾಕ್ಕೆ ಡ್ರಮ್ಮರ್. ಆ ವರ್ಷ ಬಲ ಮಣಿಕಟ್ಟು ಊದಿಕೊಂಡು, ಎರಡು ಹಾಡು ಮುಗಿಯುವಷ್ಟರಲ್ಲಿ ಕೋಲು ಕೈಜಾರುತ್ತಿತ್ತು. ಡ್ರಮ್ಮು ಬಿಟ್ಟುಬಿಡಿ ಎಂದರು ಡಾಕ್ಟರು. ಹಬ್ಬಕ್ಕೆ ಮುಂಚೆ ಬಾರಿಸಿ ತೋರಿಸಿ, ಆಗದಿದ್ದರೆ ಎಲೆಕ್ಟ್ರಾನಿಕ್ ರಿದಮ್ ಪ್ಯಾಡಿನ ಹುಡುಗನನ್ನು ಕರೆಸುತ್ತೇನೆ ಎಂದರು ಆರ್ಕೆಸ್ಟ್ರಾದ ಯಜಮಾನರು. ಮಾವ ಏನು ಮಾಡಿದರು? ಡಾಕ್ಟರನ್ನು ಬಿಟ್ಟರು!

ಯಾರೋ ಹಳೆಯ ಬ್ಯಾಂಡ್ ಮಾಸ್ಟರು ಅವರಿಗೊಂದು ಉಪಾಯ ಹೇಳಿದ್ದರು. ಕೋಲನ್ನು ಮಣಿಕಟ್ಟಿನ ಬಲದಿಂದ ಕುಟ್ಟಬಾರದು, ಚಾಟಿಯಂತೆ ಬೀಸಬೇಕು. ಮೊದಲು ಮೊಳಕೈ ಏಳಬೇಕು, ಮಣಿಕಟ್ಟು ಸಡಿಲವಾಗಿ ಹಿಂದೆ ಬರಬೇಕು, ಕೋಲಿನ ತುದಿ ಕೊನೆಗೆ ಬೀಳಬೇಕು. ಒಂದು ಬೀಸಿದರೆ ಎರಡು ಪೆಟ್ಟು ಪುಕ್ಕಟೆ. ಅತ್ತೆ ಒದ್ದೆ ಟವೆಲು ಒದರಿದಾಗ ಮಾವನಿಗೆ ಸಾಕ್ಷಾತ್ ಅದೇ ಕಂಡಿತು.

"ನೋಡೇ, ನಿಮ್ಮತ್ತೆ ಕೈಯಲ್ಲಿ ಒಂಚೂರೂ ಬಿಗಿ ಇಲ್ಲ. ಎಲ್ಲಿ ಕಲಿತ್ಲೋ ಮಾರಾಯ್ತಿ" ಎಂದರು ನನಗೆ.

"ಹಾಗಿದ್ರೆ ನೀವೂ ಕಲೀರಿ. ತಗೊಳ್ಳಿ, ಇನ್ನೂ ಎರಡು ಬಕೆಟ್ ಇದೆ" ಎಂದರು ಅತ್ತೆ.

ನನ್ನ ಡೈರಿಯ ಪ್ರಕಾರ ಆ ತಿಂಗಳು ಅತ್ತೆ ಒಂದು ಕರ್ಚೀಫನ್ನೂ ಒಣಹಾಕಿಲ್ಲ.

ಇನ್ನು ಪಾಠ: ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಮೊದಲ ಪೆಟ್ಟಿಗೆ ಬೀಸು, ಉಳಿದವು ಅದರ ಬೆನ್ನಿಗೆ. ಸ್ಟೂಲಿಗೆ ಹಳೆ ಟ್ಯೂಬಿನ ರಬ್ಬರ್ ಹೊದಿಸಿ ಬಾರಿಸಿದ್ದು ಸಾಲದೆ, ಶಿವಮೊಗ್ಗದ ಬಸ್ಸಿನಲ್ಲೂ ಬರಿಗೈಯಲ್ಲಿ ಬೀಸತೊಡಗಿದರು. ಬಾಗಿಲ ಪಕ್ಕದ ಸೀಟು ಬೇರೆ! ಮೊಳಕೈ ಎದ್ದದ್ದು ಕಂಡು, ಇಳಿಯುವವರಿರಬೇಕೆಂದು ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ. ಹೊರಟಿತು, ಮತ್ತೆ ಬಲ-ಎಡ, ಮತ್ತೆ ಸೀಟಿ. ಮೂರನೆಯ ಸಲ ಆತ ಹತ್ತಿರ ಬಂದು ಕೇಳಿದ: "ಯಜಮಾನ್ರೇ, ನೀವು ಇಳೀತೀರೋ, ನಾನು ಇಳೀಲೋ?"

ಬಾರಿಸಿ ತೋರಿಸಬೇಕಾದ ಭಾನುವಾರ ಮಾವನ ಜೊತೆ ಅತ್ತೆಯೂ ನಾನೂ ಶಿವಮೊಗ್ಗಕ್ಕೆ ಹೋದೆವು. ಮೊದಲ ಹಾಡಾಯಿತು, ಎರಡನೆಯದಾಯಿತು. ಮೂರನೆಯದಕ್ಕೆ ನನಗೆ ಹಾಡು ಕೇಳಿಸಲೇ ಇಲ್ಲ, ಕೋಲನ್ನೇ ನೋಡುತ್ತಿದ್ದೆ. ಜಾರಲಿಲ್ಲ. ಐದನೆಯದರ ನಡುವೆ ಯಜಮಾನರು ಸಾಕೆಂದು ಕೈ ತೋರಿಸಿ, ಹಬ್ಬದ ಮೊದಲ ಕಾರ್ಯಕ್ರಮಕ್ಕೆ ಎಷ್ಟು ಹೊತ್ತಿಗೆ ಬರಬೇಕೆಂದು ಹೇಳಿದರು.

ಯಾವಾಗಲೂ ಹೆಂಗಸರ ಸೀಟು ಹುಡುಕುವ ಅತ್ತೆ, ವಾಪಸು ಬರುವಾಗ ಮಾವನ ಪಕ್ಕದಲ್ಲೇ ಕೂತರು. ಹೊಗಳುತ್ತಾರೇನೋ ಎಂದು ಮಾವ ಕಾದರು. ಅತ್ತೆ ಕಿಟಕಿಯಾಚೆ ನೋಡುತ್ತಲೇ ಕೇಳಿದರು:

"ನೋವಿದ್ಯಾ?"

"ಇಲ್ಲ ಕಣೇ. ಒಂಚೂರೂ ಇಲ್ಲ."

"ಇರ್ಲಿ, ಕೊಡಿ ಇಲ್ಲಿ."

ಅಷ್ಟು ಜನರೆದುರು ಆ ಬಲಗೈಯನ್ನು ಮಡಿಲಿಗೆ ಎಳೆದುಕೊಂಡು, ಭದ್ರಾವತಿ ಬರುವವರೆಗೂ ಹೆಬ್ಬೆರಳಿನಿಂದ ಮೆಲ್ಲಗೆ ನೀವುತ್ತಲೇ ಇದ್ದರು.